ಸಿಗರೇಟ್ ಬಿಟ್ಟ ಮೇಲೆ ವಸಡಿನಲ್ಲಿ ರಕ್ತವೇ? ಹೆದರಿ ಮತ್ತೆ ಹಚ್ಚಬೇಡಿ. ಬಾಯಿಯಿಂದ ಹೃದಯದವರೆಗೆ ಏನೇನು ಬದಲಾಗುತ್ತೆ ಗೊತ್ತಾ?

ಹೈದರಾಬಾದ್: ಸಿಗರೇಟ್ ಬಿಟ್ಟು ಎರಡು ವಾರವಾಗಿರುತ್ತದೆ. ಬೆಳಗ್ಗೆ ಹಲ್ಲುಜ್ಜುವಾಗ ಬ್ರಷ್ ಮೇಲೆ ರಕ್ತ ಕಾಣಿಸುತ್ತದೆ. ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಒಂದೆರಡು ಸಣ್ಣ ಹುಣ್ಣುಗಳೂ ಎದ್ದಿರುತ್ತವೆ. ಇಪ್ಪತ್ತು ವರ್ಷ ಸೇದುವಾಗ ಒಮ್ಮೆಯೂ ಬಾರದ ರಕ್ತ ಬಿಟ್ಟ ಮೇಲೆ ಯಾಕೆ ಬಂತು ಎಂದು ಗಾಬರಿಯಾಗುವುದು ಸಹಜ. 'ಸೇದುತ್ತಿದ್ದಾಗಲೇ ಚೆನ್ನಾಗಿದ್ದೆ' ಎಂದುಕೊಂಡು ಮತ್ತೆ ಬೀಡಾ ಅಂಗಡಿಯತ್ತ ಹೆಜ್ಜೆ ಹಾಕುವವರೂ ಇದ್ದಾರೆ.

ಆದರೆ ಅಸಲಿ ಸಂಗತಿ ಇದಕ್ಕೆ ತದ್ವಿರುದ್ಧ. ಸೇದುತ್ತಿದ್ದ ವರ್ಷಗಳಲ್ಲಿ ವಸಡು ಚೆನ್ನಾಗಿರಲಿಲ್ಲ, ಅದರ ಕಾಯಿಲೆ ಮುಚ್ಚಿಹೋಗಿತ್ತು ಅಷ್ಟೇ. ಧೂಮಪಾನ ಬಿಡಬೇಕೆಂದುಕೊಂಡವರು ಶ್ವಾಸಕೋಶ, ಹೃದಯದ ಬಗ್ಗೆ ಸಾಕಷ್ಟು ಕೇಳಿರುತ್ತಾರೆ. ಹೊಗೆ ಮೊದಲು ತಾಗುವ ಜಾಗವಾದ ಬಾಯಿಯಲ್ಲಿ ಏನಾಗುತ್ತದೆ, ಬಿಟ್ಟ ಮೇಲೆ ಏನು ಸರಿಹೋಗುತ್ತದೆ, ಏನು ಸರಿಹೋಗುವುದಿಲ್ಲ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ರಕ್ತ ಬಾರದಿದ್ದರೆ ವಸಡು ಗಟ್ಟಿ ಎಂದಲ್ಲ:

ವಸಡಿನಲ್ಲಿ ರಕ್ತ ಬರುವುದು ದೇಹ ಕೊಡುವ ಮೊದಲ ಎಚ್ಚರಿಕೆ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ ಬ್ಯಾಕ್ಟೀರಿಯಾ ಸೇರಿಕೊಂಡಾಗ ಅವುಗಳನ್ನು ಎದುರಿಸಲು ಆ ಭಾಗಕ್ಕೆ ರಕ್ತದ ಹರಿವು ಹೆಚ್ಚುತ್ತದೆ. ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಬ್ರಷ್ ತಾಗಿದರೆ ರಕ್ತ ಜಿನುಗುತ್ತದೆ. ಸೇದದವರು ಇದನ್ನು ನೋಡಿ ದಂತವೈದ್ಯರ ಬಳಿ ಹೋಗುತ್ತಾರೆ.

ಸೇದುವವರಲ್ಲಿ ಈ ಎಚ್ಚರಿಕೆಯ ಗಂಟೆಯೇ ಬಾರಿಸುವುದಿಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ವರ್ಷಗಟ್ಟಲೆ ಹೊಗೆ ತಾಗಿದ ವಸಡಿನಲ್ಲಿ ಊತಕ್ಕೆ ತಕ್ಕಂತೆ ರಕ್ತನಾಳಗಳು ಹಿಗ್ಗುವುದೂ ಇಲ್ಲ. ಹೀಗಾಗಿ ವಸಡು ಕೆಂಪಾಗುವುದಿಲ್ಲ, ರಕ್ತ ಬರುವುದಿಲ್ಲ. ನೋಡಲು ಮಸುಕು ಗುಲಾಬಿ ಬಣ್ಣದಲ್ಲಿ ಗಟ್ಟಿಯಾಗಿರುವಂತೆ ಕಾಣುತ್ತದೆ. ಒಳಗೆ ಮಾತ್ರ ಸೋಂಕು ಇಳಿಯುತ್ತಲೇ ಇರುತ್ತದೆ. ಸೋಂಕಿನ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣಗಳ ಕೆಲಸವೂ ಹೊಗೆಯಿಂದ ಕುಂಠಿತವಾಗುತ್ತದೆ. ವಸಡು ಮತ್ತು ಹಲ್ಲಿನ ನಡುವೆ ಸಂದು ಆಳವಾಗುತ್ತದೆ, ಹಲ್ಲನ್ನು ಹಿಡಿದಿಟ್ಟ ಎಲುಬು ನಿಧಾನವಾಗಿ ಸವೆಯುತ್ತದೆ.

ಒಂದು ದಿನ ಗಟ್ಟಿ ಚಕ್ಕುಲಿ ಕಡಿಯುವಾಗ ಹಲ್ಲು ಅಲುಗಿದಂತಾದಾಗಲೇ ಅವರಿಗೆ ವಿಷಯ ಗೊತ್ತಾಗುವುದು. ಆ ವೇಳೆಗೆ ಕಾಯಿಲೆ ಬಹಳ ಮುಂದುವರಿದಿರುತ್ತದೆ. ಸೇದದವರಿಗೆ ಹೋಲಿಸಿದರೆ ಸೇದುವವರಿಗೆ ವಸಡಿನ ಕಾಯಿಲೆಯ ಅಪಾಯ ಎರಡು ಪಟ್ಟು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಸಕ್ಕರೆ ಕಾಯಿಲೆಯೂ ಇದ್ದರೆ ವಸಡಿನ ಪರಿಸ್ಥಿತಿ ಇನ್ನಷ್ಟು ಹದಗೆಡುತ್ತದೆ. ವಸಡಿನ ಸೋಂಕು ಹೆಚ್ಚಿದಷ್ಟೂ ಸಕ್ಕರೆ ಹತೋಟಿಗೆ ತರುವುದೂ ಕಷ್ಟವಾಗುತ್ತದೆ.

ಬಿಟ್ಟ ಮೇಲೆ ರಕ್ತ ಯಾಕೆ?:

ಸಿಗರೇಟ್ ನಿಲ್ಲಿಸಿದ ಕೆಲವೇ ದಿನಗಳಲ್ಲಿ ವಸಡಿನ ರಕ್ತ ಸಂಚಾರ ಸುಧಾರಿಸತೊಡಗುತ್ತದೆ. ಇಷ್ಟು ದಿನ ಮುಚ್ಚಿಹೋಗಿದ್ದ ಊತ ಈಗ ತನ್ನ ನಿಜಬಣ್ಣ ತೋರಿಸುತ್ತದೆ. ಬಿಟ್ಟ ಮೊದಲ ಕೆಲ ವಾರಗಳಲ್ಲಿ ವಸಡಿನ ರಕ್ತಸ್ರಾವ ಹೆಚ್ಚುವುದನ್ನು ಅಧ್ಯಯನಗಳು ದಾಖಲಿಸಿವೆ. ಅಂದರೆ ರಕ್ತ ಬರುತ್ತಿರುವುದು ಸಿಗರೇಟ್ ಬಿಟ್ಟಿದ್ದರಿಂದ ಆದ ಹಾನಿಯಿಂದಲ್ಲ, ಹಳೆಯ ಹಾನಿ ಈಗ ಕಣ್ಣಿಗೆ ಬೀಳುತ್ತಿರುವುದರಿಂದ.

ಹಾಗೆಂದು 'ಚೇತರಿಕೆಯ ಲಕ್ಷಣ' ಎಂದು ಸುಮ್ಮನೆ ಕೂರುವಂತಿಲ್ಲ. ಒಳಗಿನ ಪಾಚಿ, ಕಿಟ್ಟ ತೆಗೆಯದೆ ರಕ್ತ ನಿಲ್ಲುವುದಿಲ್ಲ. ದಂತವೈದ್ಯರ ಬಳಿ ಹೋಗಿ ಹಲ್ಲು ಕ್ಲೀನ್ ಮಾಡಿಸಿ, ಸಂದುಗಳ ಆಳ ಅಳೆಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಸೇದುತ್ತಲೇ ಇರುವವರಿಗೆ ಮಾಡಿದ ಚಿಕಿತ್ಸೆಗಿಂತ ಬಿಟ್ಟವರಿಗೆ ಮಾಡಿದ ಅದೇ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ರಕ್ತ ಬರುತ್ತದೆಂದು ಬ್ರಷ್ ಮಾಡುವುದನ್ನು ಬಿಡುವುದು ದೊಡ್ಡ ತಪ್ಪು. ಮೆದು ಬ್ರಷ್‌ನಿಂದ ದಿನಕ್ಕೆರಡು ಬಾರಿ ಉಜ್ಜುವುದನ್ನು ಮುಂದುವರಿಸಬೇಕು.

ಇನ್ನು ಬಾಯಿ ಹುಣ್ಣಿನ ವಿಚಾರ. ಬಿಟ್ಟ ಮೊದಲ ಎರಡು ವಾರಗಳಲ್ಲಿ ಹಲವರಿಗೆ ಸಣ್ಣ, ನೋಯುವ ಹುಣ್ಣುಗಳು ಏಳುತ್ತವೆ. ಹೊಗೆಯ ಬಿಸಿಗೆ ದಪ್ಪಗಾಗಿದ್ದ ಬಾಯಿಯ ಒಳಪದರ ಮತ್ತೆ ತೆಳುವಾಗುವುದು ಇದಕ್ಕೆ ಒಂದು ಕಾರಣವೆಂದು ತಜ್ಞರು ಹೇಳುತ್ತಾರೆ. ಇವು ಸಾಮಾನ್ಯವಾಗಿ ತಾವಾಗಿಯೇ ಮಾಯುತ್ತವೆ. ಆದರೆ ಒಂದೇ ಜಾಗದಲ್ಲಿರುವ ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ, ಅದರಲ್ಲೂ ನೋವೇ ಇಲ್ಲದ ಗಡುಸು ಹುಣ್ಣಾದರೆ, ವೈದ್ಯರಿಗೆ ತೋರಿಸಲೇಬೇಕು. ನೋವಿಲ್ಲವೆಂಬ ಕಾರಣಕ್ಕೇ ಜನ ತಿಂಗಳುಗಟ್ಟಲೆ ಕಡೆಗಣಿಸುವುದು ಇಂತಹ ಹುಣ್ಣನ್ನೇ.

ಚಾರ್ಮಿನಾರ್ ಹೆಸರಿನ ಸಿಗರೇಟ್, ರೆಡ್ ಹಿಲ್ಸ್‌ನ ಆಸ್ಪತ್ರೆ:

ಹೈದರಾಬಾದ್‌ಗೂ ಸಿಗರೇಟಿಗೂ ಹಳೆಯ ನಂಟು. ನಗರದ ಹೆಗ್ಗುರುತಾದ ಚಾರ್ಮಿನಾರ್‌ನ ಹೆಸರು, ಚಿತ್ರ ಎರಡನ್ನೂ ಪ್ಯಾಕ್ ಮೇಲೆ ಹೊತ್ತು ದೇಶವೆಲ್ಲ ಸುತ್ತಿದ ಸಿಗರೇಟ್ ಇಲ್ಲಿಯದೇ. ಅದನ್ನು ತಯಾರಿಸಿದ ವಜೀರ್ ಸುಲ್ತಾನ್ ಟೊಬ್ಯಾಕೊ ಕಂಪನಿಯ ಮೂರಕ್ಷರ ಈಗ ಒಂದು ಬಡಾವಣೆಯ ವಿಳಾಸವೇ ಆಗಿದೆ. 2023ರ ಆಗಸ್ಟ್‌ನಲ್ಲಿ ಸಂಚಾರಕ್ಕೆ ತೆರೆದ ಉಕ್ಕಿನ ಮೇಲ್ಸೇತುವೆ ಇಂದಿರಾ ಪಾರ್ಕ್‌ನಿಂದ ಹೊರಟು ಇಳಿಯುವುದು 'ವಿಎಸ್‌ಟಿ' ಜಂಕ್ಷನ್‌ನಲ್ಲಿ. ಬಸ್ಸಿನಲ್ಲಿ ದಿನವೂ ಆ ಹೆಸರು ಹೇಳಿ ಟಿಕೆಟ್ ತೆಗೆದುಕೊಳ್ಳುವ ಎಷ್ಟೋ ಮಂದಿಗೆ ಕೊನೆಯ 'ಟಿ' ಅಂದರೆ ತಂಬಾಕು ಎಂಬುದು ನೆನಪಿಗೂ ಬರಲಿಕ್ಕಿಲ್ಲ.

ಇರಾನಿ ಹೋಟೆಲುಗಳ ಚಹಾ ಜೊತೆಗೆ ಒಂದು ಸಿಗರೇಟ್ ಎಂಬುದು ಈ ಊರಿನ ಎಷ್ಟೋ ಗಂಡಸರ ಸಂಜೆಯ ಪಾಠ. ಆ ಜೋಡಿಯನ್ನು ಬೇರ್ಪಡಿಸುವುದೇ ಬಿಡುವವರಿಗೆ ಎದುರಾಗುವ ದೊಡ್ಡ ಪರೀಕ್ಷೆ. ಆ ಮಾತು ಮುಂದೆ ಬರುತ್ತದೆ.

ಇದೇ ನಗರದ ರೆಡ್ ಹಿಲ್ಸ್‌ನಲ್ಲಿ ಮೆಹದಿ ನವಾಜ್ ಜಂಗ್ ಹೆಸರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಇದೆ. ಜನ ಅದನ್ನು ಎಂಎನ್‌ಜೆ ಎನ್ನುತ್ತಾರೆ. ಅಫ್ಜಲ್‌ಗಂಜ್‌ನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಜಿಲ್ಲೆಗಳು. ರಾಜ್ಯದ ಗಡಿ ಬದಲಾದರೂ ದೊಡ್ಡ ಕಾಯಿಲೆ ಬಂದಾಗ ಹೈದರಾಬಾದಿನ ದಾರಿ ಹಿಡಿಯುವ ರೂಢಿ ಅಲ್ಲಿನ ಕನ್ನಡಿಗರಲ್ಲಿ ಇಂದಿಗೂ ಇದೆ.

ದೇಶದಲ್ಲಿ ಗಂಡಸರನ್ನು ಅತಿ ಹೆಚ್ಚಾಗಿ ಕಾಡುವ ಕ್ಯಾನ್ಸರ್ ಎಂದರೆ ಬಾಯಿ ಮತ್ತು ತುಟಿಯ ಕ್ಯಾನ್ಸರ್. 2022ರ ಅಂತಾರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷ ಸುಮಾರು 1.43 ಲಕ್ಷ ಹೊಸ ಪ್ರಕರಣಗಳು. ಜಗತ್ತಿನ ಒಟ್ಟು ಪ್ರಕರಣಗಳಲ್ಲಿ ಇದು ಮೂರನೇ ಒಂದಕ್ಕಿಂತ ಹೆಚ್ಚು. ಜಗಿಯುವ ತಂಬಾಕು, ಗುಟ್ಕಾ, ಅಡಿಕೆ ಇದಕ್ಕೆ ದೊಡ್ಡ ಕಾರಣ. ಆದರೆ ಬೀಡಿ, ಸಿಗರೇಟ್‌ಗಳ ಪಾಲೂ ಕಡಿಮೆಯಿಲ್ಲ. ಸೇದುವುದರ ಜೊತೆ ಮದ್ಯಪಾನವೂ ಸೇರಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ.

ಉರಿಯುವ ತುದಿ ಬಾಯೊಳಗೆ:

ಹೊಗೆ ಬಾಯಿಯನ್ನು ಏನು ಮಾಡಬಲ್ಲದು ಎಂಬುದಕ್ಕೆ ವೈದ್ಯಲೋಕಕ್ಕೆ ಅತ್ಯಂತ ಸ್ಪಷ್ಟ ಪುರಾವೆ ಸಿಕ್ಕಿದ್ದು ನೆರೆಯ ಆಂಧ್ರದ ಕರಾವಳಿಯಲ್ಲಿ. ಶ್ರೀಕಾಕುಳಂ, ವಿಶಾಖಪಟ್ಟಣ ಭಾಗದ ಹಳ್ಳಿಗಳಲ್ಲಿ ತಂಬಾಕಿನ ಎಲೆ ಸುತ್ತಿ ಮಾಡಿದ 'ಚುಟ್ಟಾ'ವನ್ನು ಉಲ್ಟಾ ಸೇದುವ ಪದ್ಧತಿಯಿದೆ. ಉರಿಯುವ ತುದಿಯನ್ನು ಬಾಯೊಳಗೆ ಇಟ್ಟುಕೊಂಡು ತುಟಿ ಮುಚ್ಚಿ ಎಳೆಯುತ್ತಾರೆ. ತೆಲುಗಿನಲ್ಲಿ ಇದನ್ನು 'ಅಡ್ಡ ಪೊಗ' ಎನ್ನುತ್ತಾರೆ. ಹೀಗೆ ಸೇದುವವರಲ್ಲಿ ಹೆಚ್ಚಿನವರು ಹೆಂಗಸರು. ಗಾಳಿಗೆ ಆರುವುದಿಲ್ಲ, ಬೂದಿ ಉದುರುವುದಿಲ್ಲ, ಒಂದು ಚುಟ್ಟಾ ಬಹಳ ಹೊತ್ತು ಬರುತ್ತದೆ ಎಂಬುದು ಅದಕ್ಕೆ ಕೊಡುವ ಕಾರಣ.

ಬಾಯಿಯ ಮೇಲ್ಭಾಗದ ಗಟ್ಟಿ ಅಂಗುಳದಲ್ಲಿ ಕ್ಯಾನ್ಸರ್ ಬರುವುದು ಬೇರೆಡೆ ತೀರ ಅಪರೂಪ. ಈ ಹಳ್ಳಿಗಳಲ್ಲಿ ಮಾತ್ರ ಅದು ಎದ್ದು ಕಾಣುತ್ತಿತ್ತು. ಬೆಂಕಿಯ ಬಿಸಿ ಮತ್ತು ಹೊಗೆ ನೇರವಾಗಿ ತಾಗುವುದು ಅಲ್ಲಿಗೇ. ಸಂಶೋಧಕರು ದಶಕಗಳ ಕಾಲ ಅಲ್ಲಿನ ಜನರ ಬಾಯಿ ಪರೀಕ್ಷಿಸಿ ಈ ನಂಟನ್ನು ದಾಖಲಿಸಿದ್ದಾರೆ.

ಮಾಮೂಲಿ ರೀತಿ ಸೇದುವವರ ಅಂಗುಳವೂ ಬದಲಾಗುತ್ತದೆ, ಅಷ್ಟು ತೀವ್ರವಾಗಿ ಅಲ್ಲ. ಗುಲಾಬಿ ಬಣ್ಣದ ಜಾಗ ಬೂದು ಬಿಳಿಯಾಗುತ್ತದೆ, ನಡುನಡುವೆ ಕೆಂಪು ಚುಕ್ಕೆಗಳು ಕಾಣುತ್ತವೆ. ಜೊಲ್ಲು ಸುರಿಸುವ ಸಣ್ಣ ಗ್ರಂಥಿಗಳ ಬಾಯಿ ಉರಿಗೆ ಕೆಂಪಾದದ್ದೇ ಆ ಚುಕ್ಕೆ. ಸಮಾಧಾನದ ವಿಷಯವೆಂದರೆ, ಸೇದುವುದನ್ನು ನಿಲ್ಲಿಸಿದರೆ ಈ ಬದಲಾವಣೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹೋಗಿ ಅಂಗುಳ ಮೊದಲಿನಂತಾಗುತ್ತದೆ. ಬೇಕಿದ್ದರೆ ಮೊಬೈಲ್ ಟಾರ್ಚ್ ಹಿಡಿದು ಕನ್ನಡಿ ಮುಂದೆ ಬಾಯಿ ತೆರೆದು ಇಂದೇ ನೋಡಿಕೊಳ್ಳಬಹುದು.

ನೋಡುವಾಗ ಕೆನ್ನೆಯ ಒಳಭಾಗ, ನಾಲಿಗೆಯ ಎರಡೂ ಅಂಚು, ನಾಲಿಗೆಯ ಕೆಳಗೆ, ತುಟಿಯ ಒಳಗೆ ಎಲ್ಲವನ್ನೂ ನೋಡಬೇಕು. ಒರೆಸಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂತೆ ಕೆಂಪಾದ ಮಚ್ಚೆ, ಗಂಟು, ಮೂರು ಬೆರಳು ಹೋಗುವಷ್ಟು ಬಾಯಿ ತೆರೆಯಲು ಆಗದಿರುವುದು, ಕಾರಣವಿಲ್ಲದೆ ಹಲ್ಲು ಅಲುಗುವುದು ಕಂಡರೆ ತಡ ಮಾಡಬಾರದು. ಬಾಯಿಯ ಕ್ಯಾನ್ಸರ್ ಇತರ ಹಲವು ಕ್ಯಾನ್ಸರ್‌ಗಳಂತೆ ಹೊಟ್ಟೆಯೊಳಗೆ ಅಡಗಿ ಕೂರುವುದಿಲ್ಲ, ಕಣ್ಣಿಗೆ ಕಾಣುವ ಜಾಗದಲ್ಲೇ ಹುಟ್ಟುತ್ತದೆ. ಆದರೂ ನಮ್ಮಲ್ಲಿ ರೋಗಿಗಳು ತಡವಾಗಿ ಆಸ್ಪತ್ರೆಗೆ ಬರುತ್ತಾರೆ ಎಂಬುದು ನೋವಿನ ಸಂಗತಿ.

ಬಿಟ್ಟ ಐದು ವರ್ಷಕ್ಕೆ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಸೋನೋಗ್ರಫಿ, ಸ್ಕ್ಯಾನ್ ಏನೂ ಬೇಡದೆ ಸಿಗುವ ಲಾಭವಿದು.

ಹಲ್ಲು, ನಾಲಿಗೆ, ಉಸಿರು:

ಹಲ್ಲಿನ ಕಂದು ಕಲೆ ಟಾರ್ ಮತ್ತು ನಿಕೋಟಿನ್‌ನದ್ದು. ಇದ್ದಿಲು ಪುಡಿ, ಉಪ್ಪು ಹಾಕಿ ಗಸಗಸ ಉಜ್ಜಿದರೆ ಹಲ್ಲಿನ ಹೊಳಪಿನ ಪದರವೇ ಸವೆಯುತ್ತದೆಯೇ ಹೊರತು ಕಲೆ ಬುಡದಿಂದ ಹೋಗದು. ಬಾಯಿಯ ದುರ್ವಾಸನೆಗೆ ಏಲಕ್ಕಿ, ಸೋಂಪು ತಾತ್ಕಾಲಿಕ ಮುಸುಕು ಮಾತ್ರ. ಬಿಟ್ಟ ಕೆಲವೇ ದಿನಗಳಲ್ಲಿ ರುಚಿ ಮತ್ತು ವಾಸನೆ ಮರಳುವುದನ್ನು ಹಲವರು ಅನುಭವಿಸುತ್ತಾರೆ. ಸಾರಿನಲ್ಲಿ ಉಪ್ಪು ಜಾಸ್ತಿಯಾಗಿದೆ ಎಂದು ಮನೆಯಲ್ಲಿ ಹೊಸದಾಗಿ ತಕರಾರು ಶುರುವಾದರೆ ಅದೂ ಒಂದು ಶುಭಸೂಚನೆ.

ಹಲ್ಲು ಕೀಳಿಸಬೇಕಾದವರು ಇನ್ನೊಂದು ವಿಷಯ ತಿಳಿದಿರಬೇಕು. ಕಿತ್ತ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಸಿಗರೇಟ್ ಎಳೆಯುವ ಸೆಳೆತಕ್ಕೆ ಆ ಹೆಪ್ಪು ಕಿತ್ತುಬಂದರೆ ಎಲುಬು ತೆರೆದುಕೊಂಡು ತಡೆಯಲಾಗದ ನೋವು ಶುರುವಾಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿಕೊಂಡ ಇಂಪ್ಲಾಂಟ್ ಹಲ್ಲು ಎಲುಬಿಗೆ ಕೂಡಿಕೊಳ್ಳದೆ ವಿಫಲವಾಗುವ ಸಾಧ್ಯತೆಯೂ ಸೇದುವವರಲ್ಲಿ ಹೆಚ್ಚು.

ಸತ್ಯವನ್ನೂ ಹೇಳಬೇಕು: ವಸಡು ಗುಣವಾಗುತ್ತದೆ, ಅಂಗುಳ ತಿಳಿಯಾಗುತ್ತದೆ, ಸವೆದ ಎಲುಬು ಮಾತ್ರ ಮೊದಲಿನಂತೆ ಬೆಳೆದು ಬರುವುದಿಲ್ಲ. ಸಿಗರೇಟ್ ಬಿಡುವುದರಿಂದ ಆ ಸವೆತ ನಿಧಾನವಾಗುತ್ತದೆ. ಆದ್ದರಿಂದಲೇ ನಲವತ್ತರಲ್ಲಿ ಬಿಟ್ಟವರಿಗೆ ಅರವತ್ತರಲ್ಲಿ ಉಳಿಯುವ ಹಲ್ಲುಗಳ ಲೆಕ್ಕ ಬೇರೆ.

ಇಪ್ಪತ್ತು ನಿಮಿಷದಿಂದ ಹದಿನೈದು ವರ್ಷ:

ಕೊನೆಯ ಸಿಗರೇಟ್ ಆರಿಸಿದ 20 ನಿಮಿಷಗಳಲ್ಲಿ ಹೃದಯ ಬಡಿತ ಮತ್ತು ರಕ್ತದೊತ್ತಡ ಇಳಿಯತೊಡಗುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಕ್ತದಲ್ಲಿ ಆಮ್ಲಜನಕದ ಜಾಗ ಕಬಳಿಸಿದ್ದ ಕಾರ್ಬನ್ ಮೊನಾಕ್ಸೈಡ್ ಪ್ರಮಾಣ ಒಂದು ದಿನದೊಳಗೆ ಸಹಜಕ್ಕೆ ಬರುತ್ತದೆ. ಎರಡರಿಂದ ಹನ್ನೆರಡು ವಾರಗಳಲ್ಲಿ ರಕ್ತ ಸಂಚಾರ ಸುಧಾರಿಸುತ್ತದೆ. ಕೆಮ್ಮು, ಏದುಸಿರು ಒಂದರಿಂದ ಒಂಬತ್ತು ತಿಂಗಳಲ್ಲಿ ಕಡಿಮೆಯಾಗುತ್ತವೆ. ಒಂದು ವರ್ಷಕ್ಕೆ ಹೃದಯದ ರಕ್ತನಾಳದ ಕಾಯಿಲೆಯ ಹೆಚ್ಚುವರಿ ಅಪಾಯ ಅರ್ಧವಾಗುತ್ತದೆ. ಹತ್ತು ವರ್ಷಕ್ಕೆ ಶ್ವಾಸಕೋಶ ಕ್ಯಾನ್ಸರ್‌ನ ಅಪಾಯ ಸೇದುವವರ ಅರ್ಧದಷ್ಟಾಗುತ್ತದೆ. ಹದಿನೈದು ವರ್ಷ ದಾಟಿದರೆ ಹೃದಯ ಕಾಯಿಲೆಯ ಅಪಾಯ ಎಂದೂ ಸೇದದವರ ಮಟ್ಟಕ್ಕೆ ಬರುತ್ತದೆ.

'ಇಷ್ಟು ವರ್ಷ ಸೇದಿ ಆಯ್ತು, ಈಗ ಬಿಟ್ಟು ಏನು ಪ್ರಯೋಜನ' ಎನ್ನುವವರಿಗೆ ಉತ್ತರ ಬ್ರಿಟನ್‌ನ ವೈದ್ಯರ ಮೇಲೆ ನಡೆದ ಅಧ್ಯಯನದಲ್ಲಿದೆ. ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ 1951ರಲ್ಲಿ ಇದನ್ನು ಆರಂಭಿಸಿದರು. ಮೂವತ್ತನಾಲ್ಕು ಸಾವಿರಕ್ಕೂ ಹೆಚ್ಚು ಪುರುಷ ವೈದ್ಯರನ್ನು ಅರ್ಧ ಶತಮಾನ ಗಮನಿಸಿ 2004ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಸೇದುತ್ತಲೇ ಇದ್ದವರು ಸರಾಸರಿ ಹತ್ತು ವರ್ಷ ಮೊದಲೇ ಸಾಯುತ್ತಾರೆ. ಅರವತ್ತರಲ್ಲಿ ಬಿಟ್ಟರೆ ಮೂರು ವರ್ಷ, ಐವತ್ತರಲ್ಲಿ ಬಿಟ್ಟರೆ ಆರು, ನಲವತ್ತರಲ್ಲಿ ಒಂಬತ್ತು, ಮೂವತ್ತರಲ್ಲಿ ಬಿಟ್ಟರೆ ಸುಮಾರು ಹತ್ತು ವರ್ಷ ಆಯಸ್ಸು ಮರಳಿ ಸಿಗುತ್ತದೆ.

'ದಿನಕ್ಕೆ ಒಂದೇ ಒಂದು' ಎನ್ನುವವರ ಲೆಕ್ಕಾಚಾರ:

ಇಪ್ಪತ್ತರಿಂದ ಒಂದಕ್ಕೆ ಇಳಿಸಿದರೆ ಅಪಾಯವೂ ಇಪ್ಪತ್ತರಲ್ಲಿ ಒಂದು ಭಾಗವಾಗಬೇಕಲ್ಲವೇ? ಹೃದಯದ ವಿಷಯದಲ್ಲಿ ಈ ಗಣಿತ ನಡೆಯುವುದಿಲ್ಲ. ದಿನಕ್ಕೆ ಒಂದೇ ಸಿಗರೇಟ್ ಸೇದುವವರಿಗೂ ಇಪ್ಪತ್ತು ಸೇದುವವರ ಹೆಚ್ಚುವರಿ ಹೃದಯಾಘಾತದ ಅಪಾಯದ ಸರಿಸುಮಾರು ಅರ್ಧದಷ್ಟು ಇರುತ್ತದೆ ಎಂದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿದೆ. ಕಡಿಮೆ ಮಾಡುವುದು ಬಿಡುವ ದಾರಿಯಲ್ಲಿ ಒಂದು ಮೆಟ್ಟಿಲಾದರೆ ಸರಿ, ಅಲ್ಲಿಯೇ ಕುಳಿತರೆ ಲಾಭ ಅಲ್ಪ.

ಬೀಡಿಯ ಬಗ್ಗೆಯೂ ಇಂತಹದೇ ತಪ್ಪು ಕಲ್ಪನೆಯಿದೆ. ಬೀಡಿಯಲ್ಲಿ ತಂಬಾಕು ಸಿಗರೇಟಿಗಿಂತ ಕಡಿಮೆ ಇರುವುದು ನಿಜ. ಆದರೆ ಬೀಡಿ ಎಲೆಯಲ್ಲಿ ಗಾಳಿಯಾಡುವುದಿಲ್ಲ. ಆರದಂತೆ ನೋಡಿಕೊಳ್ಳಲು ಮೇಲಿಂದ ಮೇಲೆ, ಜೋರಾಗಿ ಎಳೆಯಬೇಕಾಗುತ್ತದೆ. ಹೀಗಾಗಿ ಒಳಹೋಗುವ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಕಡಿಮೆಯಾಗುವ ಬದಲು ಹೆಚ್ಚುತ್ತವೆ. ಹುಕ್ಕಾದ ಹೊಗೆ ನೀರಿನಲ್ಲಿ ಸೋಸಿ ಬರುತ್ತದೆಂಬುದೂ ಭ್ರಮೆಯೇ. ಅದರಲ್ಲಿರುವ ವಿಷ ನೀರಿನಲ್ಲಿ ತೊಳೆದುಹೋಗುವುದಿಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಮತ್ತು ತೆಲಂಗಾಣ ಎರಡೂ ಹುಕ್ಕಾ ಕೇಂದ್ರಗಳ ನಿಷೇಧಕ್ಕೆ ಮುಂದಾದವು. ಇ-ಸಿಗರೇಟ್ ಮಾರಾಟಕ್ಕೆ ದೇಶಾದ್ಯಂತ 2019ರಿಂದಲೇ ನಿಷೇಧವಿದೆ.

ಸಿಗರೇಟ್ ಬಿಟ್ಟು ಗುಟ್ಕಾ, ಖೈನಿ, ಜರ್ದಾ ಬೀಡಾಕ್ಕೆ ಹೊರಳುವುದಂತೂ ಬಾಯಿಯ ಮಟ್ಟಿಗೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಅಡಿಕೆ ಬೆಳೆಯುವ ನಾಡಿನವರಿಗೆ ಇದು ಅರಗಿಸಿಕೊಳ್ಳಲು ಕಷ್ಟದ ಮಾತು.

ಮನಸ್ಸು ಮಾಡಿದರೆ ಸಾಕೇ?:

ಕೇಂದ್ರ ಆರೋಗ್ಯ ಸಚಿವಾಲಯದ 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ಸೇದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿಡುವ ಯೋಚನೆಯಿತ್ತು. 38.5 ಶೇಕಡಾ ಮಂದಿ ಅದಕ್ಕೂ ಹಿಂದಿನ ಒಂದು ವರ್ಷದಲ್ಲಿ ಪ್ರಯತ್ನವನ್ನೂ ಮಾಡಿದ್ದರು. ಆದರೆ ಪ್ರಯತ್ನಿಸಿದ ಹತ್ತರಲ್ಲಿ ಏಳು ಮಂದಿ ಯಾರ ನೆರವನ್ನೂ ಪಡೆದಿರಲಿಲ್ಲ. ನೆರವಿಲ್ಲದೆ ಮಾಡುವ ಪ್ರಯತ್ನಗಳಲ್ಲಿ ಯಶಸ್ವಿಯಾಗುವುದು ಶೇಕಡಾ 4ರಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಲಹೆ ಮತ್ತು ಔಷಧ ಎರಡೂ ಸೇರಿದರೆ ಯಶಸ್ಸಿನ ಸಾಧ್ಯತೆ ದುಪ್ಪಟ್ಟಿಗೂ ಹೆಚ್ಚು.

ಮೂರು ಸಲ ಬಿಟ್ಟು ಮೂರು ಸಲ ಮತ್ತೆ ಹಿಡಿದವರನ್ನು ಮನೆಯವರು 'ನಿನಗೆ ಮನಸ್ಸೇ ಗಟ್ಟಿಯಿಲ್ಲ' ಎಂದು ಮೂದಲಿಸುವುದುಂಟು. ಇದು ಮನಸ್ಸಿನ ಬಲಹೀನತೆಯ ಪ್ರಶ್ನೆ ಅಲ್ಲ. ಎಳೆದ ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ತಲುಪಿ ಹಿತ ನೀಡುವ ಡೋಪಮೈನ್ ಬಿಡುಗಡೆ ಮಾಡಿಸುತ್ತದೆ. ದಿನಕ್ಕೆ ಹತ್ತು ಸಿಗರೇಟ್, ಒಂದಕ್ಕೆ ಹತ್ತು ಎಳೆತ ಎಂದರೆ ಮಿದುಳಿಗೆ ದಿನಕ್ಕೆ ನೂರು ಬಾರಿ ಈ ಪಾಠ. ಹತ್ತು ವರ್ಷ ಕಲಿತ ಪಾಠ ಒಂದು ಶಪಥದಿಂದ ಅಳಿಸಿಹೋಗುವುದಿಲ್ಲ.

ಚಟ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯಲು ವೈದ್ಯರು ಕೇಳುವ ಒಂದು ಸರಳ ಪ್ರಶ್ನೆಯಿದೆ: ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟ್ ಹಚ್ಚುತ್ತೀರಿ? ಅರ್ಧ ಗಂಟೆಯೊಳಗೆ ಎಂದಾದರೆ ಅವಲಂಬನೆ ಹೆಚ್ಚೆಂದು ಅರ್ಥ. ಅಂಥವರು ಔಷಧದ ನೆರವು ಪಡೆಯುವುದೇ ಒಳಿತು.

ನಿಕೋಟಿನ್ ಗಮ್ ಜಗಿಯುವುದೂ ಒಂದು ಕಲೆ:

ಹೊಗೆಯಿಲ್ಲದೆ ನಿಕೋಟಿನ್ ಮಾತ್ರ ಸ್ವಲ್ಪ ಸ್ವಲ್ಪ ಕೊಟ್ಟು, ಕ್ರಮೇಣ ಅದನ್ನೂ ಕಡಿಮೆ ಮಾಡುವುದು ಗಮ್ ಮತ್ತು ಪ್ಯಾಚ್‌ಗಳ ಹಿಂದಿನ ಉಪಾಯ. ಗಮ್ 2 ಮತ್ತು 4 ಮಿಲಿಗ್ರಾಂಗಳಲ್ಲಿ ಬರುತ್ತದೆ. ಅನೇಕರು ಇದನ್ನು ಚ್ಯೂಯಿಂಗ್ ಗಮ್‌ನಂತೆ ಕಚಕಚ ಜಗಿದು, ಹೊಟ್ಟೆ ತೊಳಸಿ, ಬಿಕ್ಕಳಿಕೆ ಬಂದು 'ನನಗೆ ಆಗಿಬರಲ್ಲ' ಎಂದು ಬಿಸಾಡುತ್ತಾರೆ. ಸರಿಯಾದ ಕ್ರಮ ಬೇರೆ. ಖಾರದ ರುಚಿ ಅಥವಾ ಚುರುಗುಟ್ಟುವ ಅನುಭವ ಬರುವವರೆಗೆ ನಿಧಾನ ಜಗಿಯಬೇಕು, ಆಮೇಲೆ ಕೆನ್ನೆ ಮತ್ತು ವಸಡಿನ ನಡುವೆ ಸುಮ್ಮನೆ ಇಟ್ಟುಕೊಳ್ಳಬೇಕು. ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಒಂದೆರಡು ಸಲ ಜಗಿದು ಬಾಯಿಯ ಬೇರೆ ಬದಿಗೆ ಇಡಬೇಕು. ಹೀಗೆ ಸುಮಾರು ಅರ್ಧ ಗಂಟೆ. ನಿಕೋಟಿನ್ ಹೀರಿಕೊಳ್ಳಬೇಕಾದದ್ದು ಕೆನ್ನೆಯ ಒಳಪದರ, ಹೊಟ್ಟೆಯಲ್ಲ. ಕಾಫಿ, ಹಣ್ಣಿನ ರಸ, ತಂಪು ಪಾನೀಯ ಕುಡಿದ ಹದಿನೈದು ನಿಮಿಷ ಗಮ್ ಹಾಕಿಕೊಂಡರೆ ಅದು ಸರಿಯಾಗಿ ಹೀರಲ್ಪಡುವುದಿಲ್ಲ.

ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳೂ ಇವೆ. ಇವನ್ನು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ. ಮೂರ್ಛೆ ರೋಗ ಇರುವವರಿಗೆ ಬುಪ್ರೊಪಿಯಾನ್ ಸಲ್ಲದು. 2024ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ತಂಬಾಕು ಬಿಡಿಸುವ ಮೊದಲ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಗಮ್, ಪ್ಯಾಚ್‌ಗಳ ಜೊತೆ ಈ ಎರಡು ಔಷಧಗಳನ್ನೂ ಶಿಫಾರಸು ಮಾಡಲಾಗಿದೆ. ಗರ್ಭಿಣಿಯರು, ಹೃದಯ ಕಾಯಿಲೆ ಇರುವವರು ಗಮ್ ಬಳಸುವುದಕ್ಕೂ ಮೊದಲು ವೈದ್ಯರನ್ನು ಕೇಳಬೇಕು.

ಚಹಾ ಬೇಕು, ಸಿಗರೇಟ್ ಬೇಡ:

ಬಿಟ್ಟ ಮೊದಲ ಮೂರ್ನಾಲ್ಕು ದಿನ ಅತಿ ಕಷ್ಟದವು. ಸಿಡುಕು, ನಿದ್ದೆಗೇಡು, ತಲೆನೋವು, ಏಕಾಗ್ರತೆ ಇಲ್ಲದಿರುವುದು, ಹಸಿವು ಹೆಚ್ಚುವುದು ಎಲ್ಲವೂ ಇರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಇವು ಇಳಿಯುತ್ತವೆ. ಸೇದಬೇಕೆಂಬ ತೀವ್ರ ತುಡಿತ ಒಮ್ಮೆ ಬಂದರೆ ಕೆಲವು ನಿಮಿಷ ಇರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಆ ಐದು ನಿಮಿಷ ದಾಟುವುದೇ ಇಡೀ ಯುದ್ಧ. ನೀರು ಗುಟುಕರಿಸುವುದು, ದೀರ್ಘವಾಗಿ ಉಸಿರಾಡುವುದು, ಎದ್ದು ನಡೆಯುವುದು, ಯಾರಿಗಾದರೂ ಫೋನ್ ಮಾಡುವುದು, ಏನು ಮಾಡಿದರೂ ಸರಿ.

ತುಡಿತ ಎಲ್ಲಿಂದಲೋ ಬರುವುದಿಲ್ಲ, ಅದಕ್ಕೊಂದು ಹೊತ್ತು, ಜಾಗ, ಜೊತೆ ಇರುತ್ತದೆ. ಇರಾನಿ ಚಹಾದ ಜೊತೆ ಸೇದುವವರು ಮೊದಲ ಒಂದು ತಿಂಗಳು ಅದೇ ಹೋಟೆಲಿನ ಅದೇ ಮೂಲೆಗೆ, ಅದೇ ಗೆಳೆಯರ ಜೊತೆ ಹೋಗದಿರುವುದು ಜಾಣತನ. ಚಹಾವನ್ನೇ ಬಿಡಬೇಕಾಗಿಲ್ಲ. ಒಳಗೆ ಕುಳಿತು ಉಸ್ಮಾನಿಯಾ ಬಿಸ್ಕೆಟ್ ಅದ್ದಿ ತಿಂದರೆ ಕೈಗೂ ಬಾಯಿಗೂ ಕೆಲಸ ಸಿಗುತ್ತದೆ. ಊಟದ ನಂತರ ಸೇದುವವರು ಎದ್ದ ಕೂಡಲೇ ಹಲ್ಲುಜ್ಜಿಬಿಡಬಹುದು. ಪೇಸ್ಟಿನ ರುಚಿ ಬಾಯಲ್ಲಿರುವಾಗ ಸಿಗರೇಟ್ ರುಚಿಸುವುದಿಲ್ಲ, ವಸಡಿಗೂ ಲಾಭ.

ತೂಕ ಹೆಚ್ಚುವ ಭಯಕ್ಕೆ ಬಿಡದಿರುವವರೂ ಇದ್ದಾರೆ. ಒಂದು ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ಏರುವುದು ನಿಜ. ಆದರೆ ಸೇದುವುದರ ಅಪಾಯದ ಮುಂದೆ ಆ ಕಿಲೋಗಳು ಲೆಕ್ಕಕ್ಕಿಲ್ಲ. ಲೆಕ್ಕ ಹಾಕಲೇಬೇಕೆಂದರೆ ಹಣದ ಲೆಕ್ಕ ಹಾಕಬಹುದು. ಒಂದು ಸಿಗರೇಟಿಗೆ 15 ರೂಪಾಯಿ ಎಂದು ಇಟ್ಟುಕೊಂಡರೂ ದಿನಕ್ಕೆ ಹತ್ತು ಸೇದುವವರು ವರ್ಷಕ್ಕೆ 54,750 ರೂಪಾಯಿ ಸುಟ್ಟಿರುತ್ತಾರೆ.

ಒಂದು ಮದುವೆ ಮನೆಯಲ್ಲೋ ಆಫೀಸಿನ ಜಗಳದ ನಂತರವೋ ಒಂದು ಸೇದಿಬಿಟ್ಟರೆ ಎಲ್ಲ ಮುಗಿಯಿತೆಂದಲ್ಲ. ಪೂರ್ತಿ ಬಿಟ್ಟವರಲ್ಲಿ ಹೆಚ್ಚಿನವರು ಹಲವು ಸಲ ಎಡವಿದವರೇ. ಯಾವ ಗಳಿಗೆಯಲ್ಲಿ ಎಡವಿದೆ ಎಂದು ಗುರುತಿಸಿಕೊಂಡು ಮರುದಿನದಿಂದಲೇ ಮುಂದುವರಿಸಬಹುದು.

ನೆರವು ಎಲ್ಲಿ ಸಿಗುತ್ತೆ?:

ಕರ್ನಾಟಕದಲ್ಲಿ 2025ರ ಮೇ ಕೊನೆಯಿಂದ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ, ತಂಬಾಕು ಕೊಳ್ಳುವ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಹೆಚ್ಚಿದೆ. ದಂಡದ ಭಯಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸಂಗತಿ ಸಿಗರೇಟ್ ಪ್ಯಾಕಿನ ಮೇಲೆಯೇ ಮುದ್ರಿತವಾಗಿದೆ. 2018ರ ಸೆಪ್ಟೆಂಬರ್‌ನಿಂದ ಪ್ರತಿ ಪ್ಯಾಕಿನ ಎಚ್ಚರಿಕೆ ಚಿತ್ರದ ಜೊತೆ 1800-11-2356 ಎಂಬ ಸಂಖ್ಯೆ ಕಡ್ಡಾಯವಾಗಿದೆ. ಇದು ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ. 2016ರಲ್ಲಿ ದೆಹಲಿಯಲ್ಲಿ ಆರಂಭವಾದ ಈ ಸೇವೆ 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೂ ವಿಸ್ತರಿಸಿದ್ದು, ಕನ್ನಡ, ತೆಲುಗು ಸೇರಿ ದಕ್ಷಿಣದ ಭಾಷೆಗಳಲ್ಲಿ ಆಪ್ತ ಸಲಹೆ ಸಿಗುತ್ತದೆ. ಕರೆ ಮಾಡಿದವರಿಗೆ ಬಿಡುವ ದಿನ ಗೊತ್ತುಮಾಡಲು ನೆರವಾಗುತ್ತಾರೆ, ನಂತರ ಅವರೇ ಫೋನ್ ಮಾಡಿ ವಿಚಾರಿಸುತ್ತಾರೆ. ಮೊಬೈಲ್‌ಗೆ ಸಂದೇಶಗಳ ಮೂಲಕ ನೆರವು ಬೇಕಿದ್ದರೆ 011-22901701ಕ್ಕೆ ಮಿಸ್ಡ್ ಕಾಲ್ ಕೊಡಬಹುದು.

ದಂತ ವೈದ್ಯಕೀಯ ಕಾಲೇಜುಗಳಲ್ಲಿಯೂ ತಂಬಾಕು ಬಿಡಿಸುವ ಕೇಂದ್ರಗಳನ್ನು ತೆರೆಯಲಾಗಿದೆ. ಹಲ್ಲು ಕ್ಲೀನ್ ಮಾಡಿಸಲು ಹೋದಾಗ, ದಿನಕ್ಕೆ ಎಷ್ಟು ಸೇದುತ್ತೀರಿ ಎಂದು ಡಾಕ್ಟರ್ ಕೇಳಿದರೆ ಸಂಖ್ಯೆಯನ್ನು ಕಡಿಮೆ ಮಾಡಿ ಹೇಳಬೇಡಿ. ಬಾಯಿ ತೆರೆದ ಕೂಡಲೇ ಅವರಿಗೆ ಅಂಗುಳ ಕಾಣುತ್ತದೆ.